ಹಾಳು ಟಿವಿ ಹೊತ್ತು ಬರುವ ಗಾಜಣ್ಣ

ಬೀದಿ ದೀಪಗಳು ಇನ್ನೂ ಆರಿಲ್ಲ. ಹಾಲಿನ ವ್ಯಾನೊಂದು ಮಾತ್ರ ಆ ತುದಿಯಿಂದ ಈ ತುದಿಗೆ ಗಡಗಡ ಎನ್ನುತ್ತಾ ಹೋಗಿದೆ. ಸಣ್ಣದೊಂದು ಕಬ್ಬಿಣದ ಗೇಟಿನ ಮುಂದೆ ಐವತ್ತು ದಾಟಿದ ಮನುಷ್ಯರೊಬ್ಬರು ನಿಂತಿದ್ದಾರೆ. ಹಳೆಯ ಕಂಬಳಿಯಲ್ಲಿ ಸುತ್ತಿದ ಅಗಲವಾದ ಸಾಮಾನೊಂದನ್ನು ನಿದ್ದೆಗಣ್ಣಿನ ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಒರಗಿಸಿಕೊಂಡಿದ್ದಾರೆ. ಎರಡೂ ಕೈಗೆ ಬಿಡುವಿಲ್ಲ. ಗೇಟಿನ ಚಿಲಕವನ್ನು ಮೊಣಕೈಯಲ್ಲಿ ಎತ್ತಿ ಒಳಗೆ ಬಂದದ್ದಾಯಿತು, ಬೆಲ್ ಒತ್ತಲು ಇನ್ನು ಮೂಗೊಂದೇ ಉಳಿದಿದೆ. ಪುಣ್ಯಕ್ಕೆ ಅಷ್ಟರಲ್ಲಿ ಬಾಗಿಲು ತೆರೆಯುತ್ತದೆ.

ಬಾಗಿಲು ತೆರೆದವರು ಮನೆಯ ಚಿಕ್ಕಮ್ಮ. ಕಂಬಳಿಯನ್ನೊಮ್ಮೆ, ಅದನ್ನು ಹೊತ್ತವರನ್ನೊಮ್ಮೆ ನೋಡುತ್ತಾರೆ.

“ಆಗಲೇ ಟಿವಿ ತಂದುಬಿಟ್ರಾ? ಯಾವುದು ತಗೋಬೇಕು ಅಂತ ಇನ್ನೂ ತೀರ್ಮಾನ ಆಗಿಲ್ಲ ಅಂದ್ಳಲ್ಲ ಹುಡುಗಿ?”

“ಇದು ಹಾಳಾಗಿರೋ ಟಿವಿ ಚಿಕ್ಕಮ್ಮ. ಹತ್ತೋದಿಲ್ಲ.”

“ಹಾಳಾಗಿರೋದು ನಮ್ಮನೇಲೇ ಒಂದಿತ್ತಲ್ಲಪ್ಪ. ಅದನ್ನ ಹೊತ್ಕೊಂಡು ಹೋದವರು ನೀವೇ.”

ಗಾಜಣ್ಣ ನಗುತ್ತಾರೆ. ಈ ಮಾತನ್ನು ಅವರು ಒಂದಲ್ಲ ಒಂದು ರೂಪದಲ್ಲಿ ಎಲ್ಲ ಮನೆಯ ಹೊಸ್ತಿಲಲ್ಲೂ ಕೇಳಿದ್ದಾರೆ. ಚಪ್ಪಲಿ ಬಿಟ್ಟು ಒಳಗೆ ಬಂದು, ಕಂಬಳಿ ಬಿಚ್ಚುತ್ತಾರೆ. ಒಳಗಿನ ಕರುಳೆಲ್ಲ ಬಗೆದು ತೆಗೆದು ಹಗುರ ಮಾಡಿದ ಎರಡು ಟಿವಿಗಳ ಮುಖಗಳು ಹೊರಬರುತ್ತವೆ. ಒಂದು ಹೊಳಪಿನದು, ಎದುರಿಗಿದ್ದದ್ದನ್ನೆಲ್ಲ ತೋರಿಸುತ್ತದೆ. ಇನ್ನೊಂದು ಮಂಕು ಮೈಯದು, ಎದುರಿಗೆ ದೀಪ ಹಿಡಿದರೂ ಏನೂ ಗೊತ್ತಿಲ್ಲದವರ ಹಾಗೆ ಸುಮ್ಮನಿರುತ್ತದೆ. ಇವೆರಡೇ ಇವರ ಬಂಡವಾಳ.

ಅಂಗಡಿಗೆ ಹೋಗಿ ಟಿವಿ ಆರಿಸಿದವರಿಗೆ ಆ ಕಷ್ಟ ಗೊತ್ತು. ಗೋಡೆಯ ತುಂಬ ಟಿವಿಗಳು, ಎಲ್ಲದರಲ್ಲೂ ಅದೇ ಗಿಳಿ, ಅದೇ ಜಲಪಾತ. ಎಲ್‌ಇಡಿ, ಕ್ಯೂಎಲ್‌ಇಡಿ, ಓಎಲ್‌ಇಡಿ ಎಂದು ಮಾರುವವರು ಮಂತ್ರ ಹೇಳಿದ ಹಾಗೆ ಹೇಳುತ್ತಾರೆ. ನಾವು ಅರ್ಥವಾದವರ ಹಾಗೆ ತಲೆಯಾಡಿಸುತ್ತೇವೆ. ಕೊನೆಗೆ ಕಣ್ಣು ಕೋರೈಸಿದ್ದನ್ನು ಮನೆಗೆ ತರುತ್ತೇವೆ. ಮನೆಯಲ್ಲಿ ಅದರೊಳಗೆ ಗಿಳಿ ಕಾಣುವುದಿಲ್ಲ, ನಮ್ಮದೇ ಟ್ಯೂಬ್‌ಲೈಟು, ಒಣಗಲು ಹಾಕಿದ ಬಟ್ಟೆ, ಬನಿಯನ್ನಿನಲ್ಲಿ ಕುಳಿತ ನಾವು ಕಾಣುತ್ತೇವೆ.

“ಅಂಗಡೀಲಿ ಯಾವ ಟಿವೀನೂ ಕೆಟ್ಟದ್ದಲ್ಲ. ಮನೆಗೆ ಬಂದ್ಮೇಲೆ ಕೆಡುತ್ತೆ,” ಎನ್ನುತ್ತಾರೆ ಗಾಜಣ್ಣ. ಆ ಕೆಡುವುದನ್ನು ಮೊದಲೇ ನೋಡಿ ಬರುವುದು ಅವರ ಕೆಲಸ. ಟಿವಿ ಕೊಳ್ಳುವ ಮೊದಲು, ಆ ಮನೆಯವರು ಟಿವಿ ನೋಡುವ ಹೊತ್ತಿಗೇ ಹೋಗುತ್ತಾರೆ. ಹಾಳು ಟಿವಿಯ ಮುಖವನ್ನು ಗೋಡೆಗೆ ಒರಗಿಸುತ್ತಾರೆ. ಮನೆಯಲ್ಲಿ ಯಾರು ಎಲ್ಲಿ ಕೂರುತ್ತಾರೆಂದು ಕೇಳಿ, ಒಬ್ಬೊಬ್ಬರ ಜಾಗದಲ್ಲೂ ತಾವೇ ಕುಳಿತು, ಆ ಕರಿ ಗಾಜಿನಲ್ಲಿ ಏನು ಕಾಣುತ್ತದೆಂದು ನೋಡುತ್ತಾರೆ. ಗಾಜಣ್ಣ ಎಂಬ ಹೆಸರು ಅಂಗಡಿಯವರು ತಮಾಷೆಗೆ ಇಟ್ಟದ್ದು. ಈಗ ಹೆಂಡತಿಯೂ ಹಾಗೇ ಕರೆಯುತ್ತಾರೆ, ಅದೂ ಸಿಟ್ಟು ಬಂದಾಗ ಮಾತ್ರ.

ಅಂಗಡಿ ಸೇರಿದ್ದು ಸಾಮಾನು ಹೊರುವ ಕೆಲಸಕ್ಕೆ. ಆಗ ಟಿವಿ ಅಂದರೆ ಡಬ್ಬ. ಹಿಂದೆ ಹೊಟ್ಟೆ ಇರುತ್ತಿತ್ತು, ಇಬ್ಬರು ಹಿಡಿದರೂ ಮೆಟ್ಟಿಲ ಮೇಲೆ ಉಸಿರು ಬಾಯಿಗೆ ಬರುತ್ತಿತ್ತು. ಅದು ಹೋಗಿ ಪ್ಲಾಸ್ಮಾ ಬಂತು, ಮುಂದೆ ದಪ್ಪ ಗಾಜು, ಮುಟ್ಟಿದರೆ ಜ್ವರ ಬಂದವರ ಹಣೆಯ ಹಾಗೆ ಬಿಸಿ. “ಈಗಿನ ಟಿವಿ ಹಗುರ. ಆದ್ರೆ ಸೊಂಟಕ್ಕೆ ಅದು ಗೊತ್ತಾಗೋದಿಲ್ಲ. ಅದು ಹಳೇ ಲೆಕ್ಕಾನೇ ಹಿಡ್ಕೊಂಡು ಕೂತಿದೆ,” ಎಂದು ಬೆನ್ನು ಒತ್ತಿಕೊಳ್ಳುತ್ತಾರೆ. ಚಳಿಗಾಲದಲ್ಲಿ ಬೆಳಿಗ್ಗೆ ಬಗ್ಗಿ ಕಾಲುಚೀಲ ಹಾಕಿಕೊಳ್ಳಲು ಆಗುವುದಿಲ್ಲ. ಆ ಕೆಲಸವನ್ನು ಹೆಂಡತಿ ಮಾಡುತ್ತಾರೆ, ಬೈಯುತ್ತಲೇ ಮಾಡುತ್ತಾರೆ.

ಒಂದು ದಿನ, ಹಿಂದಿನ ಸಂಜೆಯಷ್ಟೇ ಗೋಡೆಗೆ ಹಾಕಿ ಬಂದಿದ್ದ ಟಿವಿಯನ್ನು ಬಿಚ್ಚಿ ತರಲು ಹೋಗಬೇಕಾಯಿತು. ಎದುರು ಬಾಲ್ಕನಿಯ ಬೆಳಕಿನಲ್ಲಿ ಆ ಮನೆಯವರಿಗೆ ಏನೂ ಕಾಣುತ್ತಿರಲಿಲ್ಲ. ಬಿಚ್ಚುವಾಗ ಆ ಮನೆಯ ಅಜ್ಜ ಒಂದೇ ಒಂದು ಮಾತು ಕೇಳಿದರಂತೆ: “ನಿನ್ನೆ ಹಾಕುವಾಗ ಇಲ್ಲೇ ನಿಂತಿದ್ದೆಯಲ್ಲಪ್ಪ, ಒಂದು ನಿಮಿಷ ಕೂತು ನೋಡಬಾರದಿತ್ತಾ?” ಗಾಜಣ್ಣನಿಗೆ ಆ ಮಾತು ನಾಟಿತು. ಮುಂದಿನ ವಾರವೇ ಗುಜರಿಗೆ ಹಾಕಲು ಇಟ್ಟಿದ್ದ ಟಿವಿಯೊಂದರ ಮುಖ ಕಿತ್ತು, ಕಂಬಳಿಯಲ್ಲಿ ಸುತ್ತಿಕೊಂಡರು. ಅಂದಿನಿಂದ ಕೂತು ನೋಡುವುದೇ ಅವರ ಕೆಲಸವಾಗಿದೆ.

“ಊರವರ ಸೋಫಾ ಮೇಲೆ ಕೂತು ಬರೋದಕ್ಕೆ ಇವರಿಗೆ ಸಂಬಳ,” ಎಂದು ಹೆಂಡತಿ ಮೂಗು ಮುರಿಯುತ್ತಾರೆ. ಅಂಗಡಿಯ ಯಜಮಾನರಿಗೂ ಇವರ ಮೇಲೆ ಅರ್ಧ ಪ್ರೀತಿ, ಅರ್ಧ ತಲೆನೋವು. “ದೊಡ್ಡದು ಬೇಕು ಅಂದವರಿಗೆ ಸಣ್ಣದೇ ಸಾಕು ಅಂತ ಹೇಳಿ ಬರ್ತಾನೆ ಮಹಾರಾಯ. ಬೈಯೋಣ ಅಂದ್ರೆ ಇವನು ಹಾಕಿದ್ದು ಒಂದೂ ವಾಪಸ್ ಬರೋದಿಲ್ಲ. ಏನು ಮಾಡ್ಲಿ ಹೇಳಿ?”

ಯಜಮಾನರು ಪ್ರೀತಿಯಿಂದ ಸ್ವಲ್ಪ ಹೆಚ್ಚೇ ಹೇಳಿದ್ದಾರೆ. ಗಾಜಣ್ಣ ಎಡವಿದ್ದೂ ಉಂಟು. ಕ್ಷೌರದ ಅಂಗಡಿಯವರೊಬ್ಬರಿಗೆ ಆಸೆಪಟ್ಟು ಓಎಲ್‌ಇಡಿ ಕೊಡಿಸಿದ್ದರು. ಆ ಅಂಗಡಿಯಲ್ಲಿ ಬಾಗಿಲು ತೆಗೆದಾಗಿನಿಂದ ಮುಚ್ಚುವ ತನಕ ಒಂದೇ ವಾರ್ತಾ ವಾಹಿನಿ ಓಡುತ್ತದೆಂದು ಕೇಳಿಕೊಳ್ಳಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ವಾಹಿನಿಯ ಮುದ್ರೆ ಟಿವಿಯ ಮೂಲೆಯಲ್ಲಿ ಹಚ್ಚೆ ಹಾಕಿದ ಹಾಗೆ ಕೂತುಬಿಟ್ಟಿತು. ಈಗ ಕ್ರಿಕೆಟ್ ಹಾಕಿದರೂ ಮೂಲೆಯಲ್ಲಿ ವಾರ್ತೆಯೇ. ಆ ಕ್ಷೌರಿಕ ಇವತ್ತಿಗೂ ಗಾಜಣ್ಣನ ತಲೆಗೆ ಕತ್ತರಿ ಹಾಕುವಾಗ ಅದನ್ನು ತೋರಿಸದೆ ಬಿಡುವುದಿಲ್ಲ.

ಯಾವುದು ಒಳ್ಳೆಯದು ಎಂದು ಕೇಳಿದರೆ ಗಾಜಣ್ಣ ನೇರ ಉತ್ತರ ಕೊಡುವವರಲ್ಲ. “ಎಲ್‌ಇಡಿ ಅಂದ್ರೆ ಹಿಂದೆ ದೀಪ, ಮುಂದೆ ಸ್ಕ್ರೀನು. ಕತ್ತಲೆ ತೋರಿಸು ಅಂದ್ರೂ ಹಿಂದಿನ ದೀಪ ಇಣುಕುತ್ತೆ, ಕಪ್ಪು ಬೂದಿ ಆಗುತ್ತೆ. ಕ್ಯೂಎಲ್‌ಇಡಿ ಅದರ ಅಕ್ಕ. ಬಿಸಿಲು ಬೀಳೋ ಕೋಣೇಲೂ ಜೋರಾಗಿ ಕಾಣುತ್ತೆ, ಆದ್ರೆ ಪಕ್ಕದಿಂದ ನೋಡಿದ್ರೆ ಎಷ್ಟೋ ಟಿವಿಗಳ ಬಣ್ಣ ಪೇಲವ. ಓಎಲ್‌ಇಡೀಲಿ ಪ್ರತಿ ಚುಕ್ಕೀನೂ ತಾನೇ ಹತ್ತುತ್ತೆ, ತಾನೇ ಆರುತ್ತೆ. ಕಪ್ಪು ಅಂದ್ರೆ ಕಪ್ಪು, ಪಕ್ಕದಿಂದ ನೋಡಿದ್ರೂ ಹಾಗೇ. ಆದ್ರೆ ಅದಕ್ಕೆ ಕತ್ತಲೆ ಬೇಕು, ಬೆಳಕಿನ ಮುಂದೆ ಸೊರಗುತ್ತೆ. ನಿಮ್ಮನೇಲಿ ಯಾರು ಎಲ್ಲಿಂದ ನೋಡ್ತಾರೆ ಹೇಳಿ, ಆಮೇಲೆ ಯಾವುದು ಅಂತ ಹೇಳ್ತೀನಿ.”

ಈ ಪ್ರಶ್ನೆಗೆ ಮನೆಯವರು ಸೋಫಾದಲ್ಲಿ ಕೂರುವವರನ್ನಷ್ಟೇ ಹೇಳುತ್ತಾರಂತೆ. ಅಡುಗೆಮನೆಯ ಬಾಗಿಲಿಗೆ ಒರಗಿ, ಒಂದು ಕಣ್ಣು ಒಲೆಯ ಮೇಲಿಟ್ಟು, ಪಕ್ಕದಿಂದ ಕತೆ ನೋಡುವ ಸೊಸೆಯ ನೆನಪು ಯಾರಿಗೂ ಆಗುವುದಿಲ್ಲ. ಗಾಜಣ್ಣ ಆ ಬಾಗಿಲಿಗೂ ಒರಗಿ ನೋಡುತ್ತಾರೆ. ಆಗ ಒಳಗಿನಿಂದ ಕಾಫಿ ಒಂದು ಲೋಟ ಹೆಚ್ಚೇ ಬರುತ್ತದೆ ಎಂದು ಹೇಳುವಾಗ ಅವರ ಮುಖ ಅರಳುತ್ತದೆ.

ಈ ಬೆಳಗಿನ ಮನೆಗೆ ಬರೋಣ. ಇಲ್ಲಿರುವುದು ಒಬ್ಬ ಅಮ್ಮ, ಒಬ್ಬ ಮಗಳು. ಮಗಳು ಆಸ್ಪತ್ರೆಯಲ್ಲಿ ನರ್ಸ್, ಸದಾ ರಾತ್ರಿ ಪಾಳಿ. ಅಮ್ಮನ ತಂಗಿ, ಅಂದರೆ ಚಿಕ್ಕಮ್ಮ, ರಾತ್ರಿ ಬಂದು ಮಲಗಿ ಬೆಳಿಗ್ಗೆ ತಮ್ಮ ಮನೆಗೆ ಹೋಗುತ್ತಾರೆ. ಅಮ್ಮನಿಗೆ ಕೆಲವು ವರ್ಷಗಳ ಹಿಂದೆ ಪಾರ್ಶ್ವವಾಯು ಬಡಿದು ಬಲಭಾಗ ಸೋತಿದೆ. ಕುತ್ತಿಗೆ ಬಲಕ್ಕೆ ತಿರುಗುವುದಿಲ್ಲ, ಮಾತು ದಪ್ಪವಾಗಿದೆ. ಮಂಚದ ಎಡಕ್ಕೆ ಗೋಡೆ, ಅದರಲ್ಲಿ ಎಡಗೈಗೆ ಹಿಡಿದು ಏಳಲು ಕಂಬಿ ಹಾಕಿಸಿದ್ದಾರೆ. ಕಾಲಿನ ಕಡೆಯ ಗೋಡೆಯಲ್ಲಿ, ತುಸು ಬಲಕ್ಕೆ, ಟಿವಿ ಇತ್ತು. ತಲೆಯ ಹಿಂದೆ ಬಲಕ್ಕೆ ಬೀದಿಯ ಕಿಟಕಿ. ಬೆಳಿಗ್ಗೆ ಮಗಳು ಬಂದ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಒಟ್ಟಿಗೆ ಟಿವಿ ನೋಡಿ, ಮಗಳು ಮಲಗುತ್ತಿದ್ದರು. ಇಡೀ ದಿನದಲ್ಲಿ ತಾಯಿ ಮಗಳು ಸುಮ್ಮನೆ ಕೂರುವುದು ಅದೊಂದೇ ಹೊತ್ತು.

ಅವರ ಹಳೆಯ ಪ್ಲಾಸ್ಮಾ ಟಿವಿ ಕೈಕೊಟ್ಟಿತು. ರಿಪೇರಿ ಮಾಡುವವರು ಕೈಚೆಲ್ಲಿದರು. ಗಾಜಣ್ಣನೇ ಬಂದು ಅದನ್ನು ಹೊತ್ತುಕೊಂಡು ಹೋದರು. ಅಂದಿನಿಂದ ಅಮ್ಮ ಬಾಡತೊಡಗಿದರು. ಊಟ ಅರ್ಧ ತಟ್ಟೆಗೆ ಸಾಕು, ಹಗಲೆಲ್ಲ ತೂಕಡಿಕೆ, ಮಾತಾಡಿಸಿದರೆ ಗೋಡೆಯ ಕಡೆಗೆ ಮುಖ. “ಅಮ್ಮ ಟಿವಿ ಅಷ್ಟೊಂದು ನೋಡ್ತಾನೂ ಇರ್ಲಿಲ್ಲ. ನಾನು ಬಂದು ಹಾಕಿದ್ರೆ ನೋಡೋರು, ಇಲ್ಲದಿದ್ರೆ ಆಫ್ ಮಾಡಿಸ್ಬಿಡೋರು. ಹೋದ್ಮೇಲೆ ಯಾಕೆ ಹೀಗಾದ್ರೋ ಗೊತ್ತಾಗ್ತಿಲ್ಲ,” ಎಂದು ಮಗಳು ಅಂಗಡಿಗೆ ಬಂದಾಗ ಹೇಳಿಕೊಂಡಿದ್ದರು. ಡಾಕ್ಟರು ಬಂದು ನೋಡಿ, ಮೈಯಲ್ಲಿ ಹೊಸ ತೊಂದರೆ ಇಲ್ಲ, ಮನಸ್ಸು ಕುಗ್ಗಿದೆ ಎಂದರಂತೆ. ಮನಸ್ಸಿಗೆ ಏನು ಕೊಡಬೇಕೆಂದು ತಿಳಿಯದೆ ಮಗಳು ಒಂದು ಒಳ್ಳೆಯ ಟಿವಿಯನ್ನೇ ಕೊಡಲು ಹೊರಟಿದ್ದರು.

ಅಂಗಡಿಯ ಕತ್ತಲೆ ಕೋಣೆಯಲ್ಲಿ ಮಗಳಿಗೆ ಓಎಲ್‌ಇಡಿ ಮನಸ್ಸಿಗೆ ಹಿಡಿಸಿತು. ಗಾಜಣ್ಣ ಬೇಡ ಎಂದರು. ಕಿಟಕಿಯ ಬೆಳಕೆಲ್ಲ ಅದರ ಮೇಲೆ ಬೀಳುತ್ತದೆ, ಕರ್ಟನ್ ಎಳೆಯುವುದಾದರೆ ಸರಿ ಎಂದರು. ಕರ್ಟನ್ ಎಳೆಯಲು ಅಮ್ಮ ಬಿಡುವುದೇ ಇಲ್ಲ, ಹಗಲಾಗಲಿ ರಾತ್ರಿಯಾಗಲಿ ಬೇಡ ಎಂದು ಹಟ ಹಿಡಿಯುತ್ತಾರೆ ಎಂದರು ಮಗಳು. ಹಾಗಾದರೆ ಮಂಕು ಮೈಯ, ಪಕ್ಕದಿಂದಲೂ ಬಣ್ಣ ಕೆಡದ ಎಲ್‌ಇಡಿಯೇ ಸರಿ, ಅದರ ಗಾಜಿನಲ್ಲಿ ಕಿಟಕಿಯ ಪ್ರತಿಬಿಂಬವೂ ಮೂಡದು ಎಂದು ಗಾಜಣ್ಣ ತೀರ್ಮಾನ ಹೇಳಿದ್ದರು. ಮಗಳು ಆಸೆಯನ್ನು ನುಂಗಿಕೊಂಡು ಹೂಂ ಎಂದಿದ್ದರು. ಈ ಬೆಳಗಿನ ಭೇಟಿ ಆ ತೀರ್ಮಾನಕ್ಕೆ ಮುದ್ರೆ ಒತ್ತಲು.

ಹಳೆಯ ಟಿವಿಯ ಬ್ರಾಕೆಟ್ ಗೋಡೆಯಲ್ಲೇ ಇದೆ. ಗಾಜಣ್ಣ ಮಂಕು ಮೈಯ ಮುಖವನ್ನು ಅದಕ್ಕೆ ಸಿಕ್ಕಿಸುತ್ತಾರೆ. ಹಿಂದೆ ಸರಿದು ನೋಡಿದರೆ ಕಿಟಕಿಯೂ ಇಲ್ಲ, ಬೀದಿ ದೀಪವೂ ಇಲ್ಲ, ಎಲ್ಲ ಮಟಮಾಯ. “ನೋಡಿ ಅಮ್ಮ, ಒಂದು ಚೂರೂ ನೆರಳಿಲ್ಲ,” ಎಂದು ಹೆಮ್ಮೆಯಿಂದ ತಿರುಗುತ್ತಾರೆ. ಎಚ್ಚರವಿದ್ದ ಅಮ್ಮ ಅದನ್ನು ನೋಡಿ, ಕಣ್ಣಲ್ಲಿ ನೀರು ತುಂಬಿಕೊಂಡು, ಗೋಡೆಯ ಕಡೆ ಮುಖ ಹೊರಳಿಸುತ್ತಾರೆ.

ಇಷ್ಟು ವರ್ಷಗಳಲ್ಲಿ ಒಂದು ಹಾಳು ಟಿವಿಯನ್ನು ನೋಡಿ ಯಾರೂ ಅತ್ತದ್ದಿಲ್ಲ. ಗಾಜಣ್ಣ ಪೆಚ್ಚಾಗಿ ಚಿಕ್ಕಮ್ಮನ ಮುಖ ನೋಡುತ್ತಾರೆ, ಚಿಕ್ಕಮ್ಮ ಇವರ ಮುಖ ನೋಡುತ್ತಾರೆ. ಏನು ಮಾಡಲೂ ತೋಚದೆ ಅದನ್ನು ತೆಗೆದು ಹೊಳಪಿನದನ್ನು ಸಿಕ್ಕಿಸುತ್ತಾರೆ. ಅಮ್ಮ ನಿಧಾನಕ್ಕೆ ಈ ಕಡೆ ಹೊರಳುತ್ತಾರೆ. ಕಣ್ಣು ದೊಡ್ಡದಾಗುತ್ತದೆ. ಎಡಗೈ ಹೊದಿಕೆಯಿಂದ ಹೊರಬರುತ್ತದೆ. ಗಾಜಣ್ಣ ಕೈಯ ಅಭ್ಯಾಸಕ್ಕೆ ಅದನ್ನು ತುಸು ಮುಂದಕ್ಕೆ ಬಾಗಿಸಿ, ಗಾಜಿನಲ್ಲಿ ಕಿಟಕಿಯ ಬದಲು ನೆಲ ಕಾಣುವ ಹಾಗೆ ಮಾಡಲು ಹೋಗುತ್ತಾರೆ.

“ಬೇಡ,” ಎನ್ನುತ್ತಾರೆ ಅಮ್ಮ. ದಪ್ಪ ನಾಲಿಗೆಯಲ್ಲೂ ಆ ಮಾತು ಸ್ಪಷ್ಟವಾಗಿದೆ.

ಹಿಂದಕ್ಕೆ ಸರಿಸುತ್ತಾರೆ.

“ಹೂಂ.”

“ಏನು ಕಾಣುತ್ತೆ ಅಮ್ಮ ನಿಮಗೆ?”

ಅಮ್ಮ ಎಡಗೈಯನ್ನು ಹಾಸಿಗೆಯ ಮೇಲೆ ತಟ್ಟುತ್ತಾರೆ, ಬಾ ಎಂಬ ಹಾಗೆ. ಎಲ್ಲರ ಜಾಗದಲ್ಲೂ ಕುಳಿತ ಗಾಜಣ್ಣ ಈ ಒಬ್ಬರ ಜಾಗದಲ್ಲಿ ಮಾತ್ರ ಕುಳಿತಿರಲಿಲ್ಲ, ಕೂರುವಂಥ ಜಾಗವೂ ಅದಲ್ಲ. ಸಂಕೋಚಪಡುತ್ತಲೇ ಮಂಚದ ಪಕ್ಕ ಮಂಡಿಯೂರಿ, ಸೊಂಟ ಚುಳಕ್ ಎಂದರೂ ತಡೆದುಕೊಂಡು, ತಲೆಯನ್ನು ದಿಂಬಿನ ಅಂಚಿಗೆ ತರುತ್ತಾರೆ. ಕರಿ ಗಾಜಿನೊಳಗೆ ಕಿಟಕಿ. ಕಿಟಕಿಯೊಳಗೆ ಬೀದಿ ದೀಪ, ಅದರ ಕೆಳಗೆ ಮನೆಯ ಗೇಟು, ಚಿತ್ರ ಬರೆದು ಚೌಕಟ್ಟು ಹಾಕಿದ ಹಾಗೆ ಕಾಣುತ್ತಿದೆ. ಅಮ್ಮ ಇಷ್ಟು ವರ್ಷ ಆಫ್ ಆದ ಟಿವಿಯಲ್ಲಿ ಮಗಳು ಬರುವ ದಾರಿ ನೋಡುತ್ತಿದ್ದರು. ಟಿವಿ ಹೋದ ಮೇಲೆ ಆ ಕಾಯುವಿಕೆಗೆ ಕಣ್ಣೇ ಇರಲಿಲ್ಲ.

ಅದು ಹೊಳೆಯುವಷ್ಟರಲ್ಲಿ ಗಾಜಿನೊಳಗಿನ ಗೇಟು ತೆರೆಯುತ್ತದೆ. ಹೆಗಲಿಗೆ ಚೀಲ, ಸೋತ ನಡಿಗೆ. ಮಗಳು ಬರುತ್ತಿದ್ದಾರೆ. “ಬಂದ್ರು ನೋಡಿ ಅಮ್ಮ,” ಎನ್ನುತ್ತಾ ಗಾಜಣ್ಣ ತಿರುಗಿದರೆ ಅಮ್ಮನ ಕಣ್ಣು ಮುಚ್ಚಿದೆ. ಎಡಗೈ ಹೊದಿಕೆಯೊಳಗೆ ಹೋಗಿದೆ. ಉಸಿರು ಸಣ್ಣಗೆ ಗೊರಗೊರ ಎನ್ನುತ್ತಿದೆ. ಚಿಕ್ಕಮ್ಮ ಬಾಯಿ ತೆರೆಯುತ್ತಾರೆ, ಹೊದಿಕೆಯ ಸಂದಿಯಿಂದ ಒಂದು ಬೆರಳು ಹೊರಬಂದು ಅಲ್ಲಾಡುತ್ತದೆ, ಚಿಕ್ಕಮ್ಮ ಬಾಯಿ ಮುಚ್ಚುತ್ತಾರೆ.

ಮಗಳು ತುದಿಗಾಲಲ್ಲಿ ಒಳಗೆ ಬಂದು, ನೆಲದ ಮೇಲೆ ಮಂಡಿಯೂರಿ ಕುಳಿತ ಗಾಜಣ್ಣನನ್ನು ಕಂಡು ಗಾಬರಿಯಾಗುತ್ತಾರೆ. ಗಾಜಣ್ಣ ಎದ್ದು, ಪಿಸುದನಿಯಲ್ಲಿ ಗೇಟಿನ ವಿಷಯವನ್ನೆಲ್ಲ ಹೇಳುತ್ತಾರೆ. ನಿದ್ದೆಯ ನಾಟಕದ ಮಾತು ಎತ್ತುವುದಿಲ್ಲ, ಬೆರಳಿನ ಆಣತಿ ಇದೆಯಲ್ಲ. ಮಗಳು ಚೀಲ ಕೆಳಗಿಡಲೂ ಮರೆತು ಕೇಳುತ್ತಾರೆ. ಆಮೇಲೆ ಗಾಜಣ್ಣನ ಹಾಗೆಯೇ ಮಂಡಿಯೂರಿ, ಅಮ್ಮನ ತಲೆಯ ಪಕ್ಕ ತಲೆಯಿಟ್ಟು ಗಾಜನ್ನು ನೋಡುತ್ತಾರೆ.

“ಓ, ನಾನು ಬರೋದು ಹೀಗೆ ಗೊತ್ತಾಗ್ತಿತ್ತಾ ನಿನಗೆ?” ಎಂದು ಮುಚ್ಚಿದ ಕಣ್ಣುಗಳಿಗೆ ಹೇಳುತ್ತಾರೆ. “ಅಮ್ಮ, ನಾನು ನರ್ಸು. ನಿದ್ದೆ ಮಾಡೋರ ಉಸಿರು ಯಾವುದು, ಮಾಡ್ದೇ ಇರೋರ ಉಸಿರು ಯಾವುದು ನನಗೆ ಗೊತ್ತಾಗಲ್ವಾ? ಮೊದಲಿಂದ ಗೊತ್ತು. ದಿನಾ ನಿನ್ನ ಎಬ್ಬಿಸೋ ಹಾಗೆ ನಾನೂ ನಾಟಕ ಮಾಡ್ತಿದ್ದೆ.”

ಅಮ್ಮ ಒಂದು ಕಣ್ಣು ತೆರೆಯುತ್ತಾರೆ. ಕಾಯುತ್ತಿದ್ದೆ ಎಂದು ಗೊತ್ತಾದರೆ ಮಗಳು ರಾತ್ರಿ ಪಾಳಿ ಬಿಟ್ಟುಬಿಡುತ್ತಾಳೆ, ಅವಳಿಗೆ ಇಷ್ಟದ ವಾರ್ಡು ಹೋಗುತ್ತದೆ ಎಂಬ ಭಯ ಅವರಿಗೆ. ಅದನ್ನವರು ತೊದಲುತ್ತಾ ಹೇಳುತ್ತಾರೆ, ಮಗಳು ಅರ್ಥ ಮಾಡಿಕೊಂಡು ಗಾಜಣ್ಣನಿಗೆ ತಿಳಿಸುತ್ತಾರೆ. ತಿಳಿಸುತ್ತಲೇ ಅಳುತ್ತಾರೆ. ಚಿಕ್ಕಮ್ಮ ಒಲೆಯ ಮೇಲೆ ಏನೋ ಇಟ್ಟ ನೆಪದಲ್ಲಿ ಅಡುಗೆಮನೆಗೆ ನುಗ್ಗುತ್ತಾರೆ.

ಮಂಕು ಟಿವಿಯನ್ನೇ ಹಾಕಿ ಪಕ್ಕದಲ್ಲಿ ಒಂದು ಕನ್ನಡಿ ತೂಗುಹಾಕೋಣವೇ ಎಂದು ಗಾಜಣ್ಣ ಕೇಳುತ್ತಾರೆ. ಮಗಳು ಅವರನ್ನು ಬಾಗಿಲ ಆಚೆ ಕರೆದು ಮೆಲ್ಲಗೆ ಬೇಡ ಎನ್ನುತ್ತಾರೆ. ಬಾಯಿ ಒಂದು ಕಡೆಗೆ ಜಾರಿದಂದಿನಿಂದ ಅಮ್ಮ ಮನೆಯ ಕನ್ನಡಿಗಳನ್ನೆಲ್ಲ ತೆಗೆಸಿದ್ದಾರೆ. ಕರಿ ಗಾಜಾದರೆ ಬೆಳಕಿನ ಗೇಟು ಕಾಣುತ್ತದೆ, ಕತ್ತಲಲ್ಲಿ ಮಲಗಿದ ಮುಖ ಕಾಣುವುದಿಲ್ಲ.

“ಹಾಗಾದ್ರೆ ಓಎಲ್‌ಇಡೀನೇ ಆಗಬೇಕು ಸಿಸ್ಟರ್. ಆಫ್ ಆದಾಗ ಗೇಟು ತೋರಿಸೋ ಹೊಳಪೂ ಇದೆ, ಪಕ್ಕದಿಂದಲೂ ಬಣ್ಣ ಕೆಡೋದಿಲ್ಲ. ಆದ್ರೆ ನೀವು ನೋಡೋ ಹೊತ್ತಿಗೆ ಈ ಕಿಟಕಿ ಬೆಳಕು...” ಗಾಜಣ್ಣ ತಲೆ ಕೆರೆದುಕೊಳ್ಳುತ್ತಾರೆ.

ಮಂಚದಿಂದ ದನಿ ಬರುತ್ತದೆ. “ನೀನು... ಬಂದ್ಮೇಲೆ... ಕರ್ಟನ್ ಹಾಕು.”

ಮಗಳು ಮನೆಗೆ ಬಂದ ಮೇಲೆ ಅಮ್ಮನಿಗೆ ಕಿಟಕಿ ಯಾಕೆ ಬೇಕು? ಗಾಜಣ್ಣ ಹಣೆ ಚಚ್ಚಿಕೊಳ್ಳುತ್ತಾರೆ. “ನಾನೇ ತಪ್ಪು ಹೇಳಿದ್ದೆ ಸಿಸ್ಟರ್. ನಿಮ್ಮ ಆಸೇನೇ ಸರಿ ಇತ್ತು.”

ಆ ಟಿವಿ ಗೋಡೆ ಸೇರಿ ಕೆಲವು ವಾರಗಳಾಗಿವೆ. ಅಮ್ಮ ತಟ್ಟೆ ಖಾಲಿ ಮಾಡುತ್ತಾರೆ. ಕಣ್ಣು ಮುಚ್ಚಿ ನಾಟಕವಾಡುವುದನ್ನು ಬಿಟ್ಟಿದ್ದಾರೆ. ಈ ಲೇಖನಕ್ಕೆ ಒಪ್ಪಿಗೆ ಕೊಟ್ಟವರೂ ಅವರೇ, “ಬರೀರಿ” ಎಂಬ ಒಂದೇ ಮಾತಿನಲ್ಲಿ. ಮಗಳು ಈಗ ಗೇಟಿನ ಬಳಿ ಒಂದು ಗಳಿಗೆ ನಿಂತು, ಕೂದಲು ಸರಿಮಾಡಿಕೊಂಡು, ತಮಗೆ ಕಾಣದ ಅಮ್ಮನ ಕಡೆಗೆ ಕೈಯೆತ್ತುತ್ತಾರೆ. “ದಿನಾ ಟಿವೀಲಿ ಬರ್ತೀನಲ್ಲ, ಸ್ವಲ್ಪ ಚೆನ್ನಾಗಿ ಕಾಣಬೇಡ್ವಾ?” ಎಂದು ನಗುತ್ತಾರೆ.

ನಿಮ್ಮ ಕೆಲಸದಲ್ಲಿ ಹೆಮ್ಮೆಯದು ಯಾವುದು ಎಂದು ಕೇಳಿದರೆ ಗಾಜಣ್ಣ ಮೊದಲು ಮಾತು ಹಾರಿಸುತ್ತಾರೆ. ಕಂಬಳಿ ಸುತ್ತುತ್ತಾ, ಗಾಜಿನ ಮೇಲಿನ ಧೂಳನ್ನು ತೋಳಿನಿಂದ ಒರೆಸುತ್ತಾ ಆಮೇಲೆ ಹೇಳುತ್ತಾರೆ.

“ಎಷ್ಟೋ ಮನೆಗೆ ಟಿವಿ ಹಾಕಿದ್ದೀನಿ. ಎಲ್ಲಾ ಆನ್ ಮಾಡಿದಾಗ ಚೆನ್ನಾಗಿ ಕಾಣ್ಲಿ ಅಂತ ಹಾಕಿದ್ದು. ಆಫ್ ಮಾಡಿದಾಗ ಚೆನ್ನಾಗಿ ಕಾಣ್ಲಿ ಅಂತ ಹಾಕಿದ್ದು ಇದೊಂದೇ.”